ಹರಿದ ಎಳೆಯನ್ನು ಮುಚ್ಚಬೇಡಿ



ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆ ನಿಮಗೆ ಗೊತ್ತು. ಊರು ದಾಟುವ ಮೊದಲೇ ಕಾರ್ಖಾನೆಗಳ ಸಾಲು ಶುರುವಾಗುತ್ತದೆ. ಇದೇ ಅಕ್ಕಲಕೋಟ ರಸ್ತೆ ಎಂಐಡಿಸಿ. ಎಂಐಡಿಸಿ ಅಂದ್ರೆ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ. ಸರಕಾರ ಇದನ್ನು 1962ರಲ್ಲಿ ಸ್ಥಾಪಿಸಿತು. ಜಾಗ, ರಸ್ತೆ, ನೀರು ಕೊಟ್ಟು ಕಾರ್ಖಾನೆಗಳನ್ನು ಕರೆದು ಕೂಡಿಸುವುದು ಇದರ ಕೆಲಸ.

ಇಲ್ಲಿ ಟವೆಲ್ ಮತ್ತು ಚಾದರದ ಕಾರ್ಖಾನೆಗಳು ಬಹಳ. ಬೆಳಗಾದರೆ ಕುಂಭಾರಿ, ವಳಸಂಗ ಕಡೆಯಿಂದ ಜನ ಬರುತ್ತಾರೆ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ಬರುತ್ತಾರೆ. ಇಂಡಿ, ಅಫಜಲಪುರ, ಆಳಂದ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದವರೂ ಇದ್ದಾರೆ. ಒಬ್ಬರದು ಕನ್ನಡ, ಒಬ್ಬರದು ತೆಲುಗು, ಒಬ್ಬರದು ಮರಾಠಿ, ಒಬ್ಬರದು ಉರ್ದು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ.

ಇಂಥ ಕಡೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಈಗಿನ ಕೆಲಸಗಾರರಿಗೆ ನಿಯತ್ತಿಲ್ರಿ" ಅಂತ ಮಾಲೀಕರು ಅನ್ನುತ್ತಾರೆ. "ಈಗಿನ ಸಾವ್ಕಾರ್‍ರಿಗೆ ಕರುಣಾ ಇಲ್ರಿ" ಅಂತ ಕೆಲಸಗಾರರು ಅನ್ನುತ್ತಾರೆ. ಹಾಗಾದರೆ ನಿಯತ್ತು ಅಂದ್ರೆ ಏನು? ತಲೆ ತಗ್ಗಿಸಿ ಹೇಳಿದ್ದು ಮಾಡುವುದೇ? ಹನ್ನೆರಡು ತಾಸು ದುಡಿಯುವುದೇ? ಬಾಯಿ ಮುಚ್ಚಿಕೊಂಡು ಇರುವುದೇ?

ಅಲ್ಲ. ಇದ್ದದ್ದನ್ನು ಇದ್ದಂತೆ, ಸಮಯ ಮೀರುವ ಮೊದಲು ಹೇಳುವುದೇ ಕಾರ್ಖಾನೆಯಲ್ಲಿ ನಿಯತ್ತಿನ ಮೊದಲ ಪಾಠ. ಇದು ಕೆಲಸಗಾರರಿಗೂ ಸೈ, ಮಾಲೀಕರಿಗೂ ಸೈ. ಹೇಗೆ ಅಂತ ನೋಡೋಣ.

ಒಂದು ಟವೆಲ್ ಹುಟ್ಟುವ ಬಗೆ

ಬಟ್ಟೆಗೆ ಹಾಸು ಮತ್ತು ಹೊಕ್ಕು ಬೇಕು. ಉದ್ದಕ್ಕೆ ಹಾಸಿದ ನೂಲು ಹಾಸು. ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ಟವೆಲಿಗೆ ಒಂದು ಹಾಸು ಸಾಲದು, ಎರಡು ಬೇಕು. ಒಂದು ಬಿಗಿಯಾಗಿರುತ್ತದೆ, ಇನ್ನೊಂದು ಸಡಿಲವಾಗಿರುತ್ತದೆ. ಸಾಮಾನ್ಯವಾಗಿ ಮೂರು ಹೊಕ್ಕು ಬಿದ್ದ ಮೇಲೆ ಹಣಿಗೆ ಅವನ್ನು ಜೋರಾಗಿ ಒತ್ತುತ್ತದೆ. ಆಗ ಸಡಿಲ ಹಾಸಿನ ನೂಲು ಸಣ್ಣ ಕುಣಿಕೆಯಾಗಿ ಮೇಲೆ ಏಳುತ್ತದೆ. ಮೈ ಒರೆಸುವಾಗ ನೀರು ಹೀರುವುದು ಈ ಕುಣಿಕೆಗಳೇ.

ಇದು ಮಗ್ಗದ ಮಾತಾಯಿತು. ಆದರೆ ಮಗ್ಗ ಒಂದೇ ಟವೆಲ್ ಮಾಡುವುದಿಲ್ಲ. ಒಬ್ಬರು ನೂಲು ಸುತ್ತುತ್ತಾರೆ. ಒಬ್ಬರು ಬೀಮ್ ತಯಾರು ಮಾಡುತ್ತಾರೆ. ಒಬ್ಬರು ಮಗ್ಗ ನಡೆಸುತ್ತಾರೆ. ಜಾಬರ್ ಮಗ್ಗದ ರಿಪೇರಿ ನೋಡುತ್ತಾನೆ. ಆಮೇಲೆ ಬಣ್ಣ, ಆಮೇಲೆ ಕತ್ತರಿಸುವುದು, ಅಂಚು ಹೊಲಿಯುವುದು, ತಪಾಸಣೆ, ಮಡಿಸಿ ಕಟ್ಟುವುದು. ಈ ಕೊನೆಯ ಕೆಲಸಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು.

ಈಗ ನೀವು ಮಗ್ಗದ ಮುಂದೆ ನಿಂತಿದ್ದೀರಿ ಅಂತ ತಿಳ್ಕೊಳ್ಳಿ. ಹಾಸಿನ ಒಂದು ಎಳೆ ಹರಿಯಿತು. ಮಗ್ಗ ನಿಲ್ಲಿಸಬೇಕು. ತುದಿ ಹುಡುಕಬೇಕು. ಗಂಟು ಹಾಕಿ, ತಂತಿಯ ಕಣ್ಣಿನಲ್ಲಿ ಪೋಣಿಸಬೇಕು. ಕೆಲವು ನಿಮಿಷದ ಕೆಲಸ. ಆದರೆ ನಿಮಗೆ ಕೂಲಿ ಸಿಗುವುದು ನೇಯ್ದ ಮಾಲಿನ ಲೆಕ್ಕಕ್ಕೆ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. "ಒಂದೇ ಎಳಿ, ಯಾರ್ ನೋಡ್ತಾರ?" ಅಂತ ಮನಸ್ಸು ಹೇಳುತ್ತದೆ. ನೀವು ಬಿಟ್ಟುಬಿಟ್ಟಿರಿ.

ಆಗ ಏನಾಗುತ್ತದೆ? ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಮೊದಲ ಟವೆಲಿನಲ್ಲಿ ಗೆರೆ. ಎರಡನೆಯದರಲ್ಲಿ ಗೆರೆ. ಎಳೆ ಜೋಡಿಸುವ ತನಕ ನೇಯ್ದ ಎಲ್ಲದರಲ್ಲೂ ಗೆರೆ. ಆ ಗೆರೆಗೆ ಬಣ್ಣ ಹಾಕುತ್ತಾರೆ. ಆ ಗೆರೆಗೂ ಅಂಚು ಹೊಲಿಯುತ್ತಾರೆ. ಕೊನೆಗೆ ತಪಾಸಣೆಯ ಮೇಜಿನ ಹತ್ತಿರ ಒಬ್ಬ ಅಕ್ಕ ಅದನ್ನು ನೋಡಿ ಬದಿಗೆ ಒಗೆಯುತ್ತಾಳೆ. ನೂಲು, ಬಣ್ಣ, ಕರೆಂಟು, ನಾಲ್ಕು ಜನರ ದುಡಿಮೆ, ಎಲ್ಲ ಅರ್ಧ ಬೆಲೆಗೆ ಹೋಗುತ್ತದೆ.

ಎಳೆ ಹರಿಯುವುದು ತಪ್ಪಲ್ಲ. ನೂಲು ಅಂದ ಮೇಲೆ ಹರಿಯುತ್ತದೆ. ಹರಿದದ್ದನ್ನು ಮುಚ್ಚಿ ಮುಂದೆ ಸಾಗಿಸುವುದೇ ತಪ್ಪು.

ಟವೆಲಿನ ಮೇಲೆ ಊರಿನ ಹೆಸರು

ಸೊಲ್ಲಾಪುರಕ್ಕೆ ಬಟ್ಟೆಯ ಹೆಸರು ಇವತ್ತು ಬಂದದ್ದಲ್ಲ. 1870ರ ದಶಕದಲ್ಲೇ ಇಲ್ಲಿ ದೊಡ್ಡ ಬಟ್ಟೆ ಗಿರಣಿ ಶುರುವಾಯಿತು. ಜನ ಅದನ್ನು ಜುನಿ ಮಿಲ್ ಅಂದರು. ಆಮೇಲೆ ನರಸಿಂಗ ಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಕಾಲ ಕಳೆದಂತೆ ಈ ಹಳೆಯ ಗಿರಣಿಗಳ ಭೋಂಗಾ ನಿಂತುಹೋಯಿತು. ಆದರೆ ನೇಯುವ ಕೈಗಳು ನಿಲ್ಲಲಿಲ್ಲ. ಕೆಲಸ ವಿದ್ಯುತ್ ಮಗ್ಗಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಬಂತು.

2005-06ರಲ್ಲಿ ಸೊಲ್ಲಾಪುರಿ ಚಾದರಕ್ಕೂ ಸೊಲ್ಲಾಪುರಿ ಟೆರ್ರಿ ಟವೆಲಿಗೂ ಭೌಗೋಳಿಕ ಗುರುತು ಸಿಕ್ಕಿತು. ಜಿಐ ಅಂತ ಅದನ್ನು ಕರೆಯುತ್ತಾರೆ. ಅದರ ಅರ್ಥ ಸರಳ. ಬೇರೆ ಊರಿನಲ್ಲಿ ನೇಯ್ದ ಮಾಲಿಗೆ ಸೊಲ್ಲಾಪುರಿ ಅಂತ ಹೆಸರು ಹಚ್ಚಿ ಮಾರುವ ಹಾಗಿಲ್ಲ. ಮೈಸೂರು ರೇಷ್ಮೆಗೆ, ಇಳಕಲ್ಲ ಸೀರೆಗೆ ಇರುವಂಥ ಗುರುತೇ ಇದು.

ಗುರುತು ಕೊಟ್ಟವರು ಸರಕಾರದವರು. ಆದರೆ ಅದನ್ನು ಉಳಿಸುವವರು ಯಾರು? ಮಗ್ಗದ ಮುಂದೆ ನಿಂತವರು, ಮೇಜಿನ ಮುಂದೆ ಕೂತವರು, ನೂಲು ಕೊಂಡು ತರುವ ಮಾಲೀಕರು. ಒಬ್ಬ ಗಿರಾಕಿ ಮನೆಗೆ ಒಯ್ದ ಟವೆಲ್ ಎರಡು ಸಲ ಒಗೆದಾಗ ಎಳೆ ಬಿಟ್ಟರೆ, ಅವನು ನಿಮ್ಮ ಹೆಸರು ಹಿಡಿದು ಬೈಯುವುದಿಲ್ಲ. "ಸೊಲ್ಲಾಪುರದ ಮಾಲು ಹಿಂಗೇ" ಅನ್ನುತ್ತಾನೆ. ಆಗ ಇಡೀ ಊರಿನ ಕೆಲಸಕ್ಕೆ ಪೆಟ್ಟು.

ಜನ ಯಾಕೆ ಮುಚ್ಚುತ್ತಾರೆ?

ನಮ್ಮಲ್ಲಿ ಒಂದು ಗಾದೆ ಇದೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು. ಈ ಗಾದೆ ಸುಮ್ಮನೆ ಹುಟ್ಟಿಲ್ಲ. ಹೇಳಿದವರಿಗೆ ಒದೆ ಬಿದ್ದದ್ದನ್ನು ನೋಡಿ ನೋಡಿ ಹುಟ್ಟಿದೆ.

ಕಾರ್ಖಾನೆಯಲ್ಲೂ ಹೀಗೇ ಆಗುತ್ತದೆ. "ಮಗ್ಗ ಸರಿ ಇಲ್ರಿ" ಅಂದರೆ, "ನಿನಗ ನಡಸಾಕ ಬರೂದಿಲ್ಲ" ಅಂತ ಬೈಗುಳ. "ಮಾಲು ಕೆಟ್ಟೈತ್ರಿ" ಅಂದರೆ ಕೂಲಿಯಲ್ಲಿ ಕಡಿತ. "ವೈರ್ ಬಿಸಿ ಆಗ್ತದ್ರಿ" ಅಂದರೆ, "ನಿನ್ನ ಕೆಲಸ ನೀ ನೋಡ್ಕೋ". ಮೂರು ಸಲ ಹೀಗಾದರೆ ನಾಲ್ಕನೇ ಸಲ ಯಾರು ಹೇಳುತ್ತಾರೆ? ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಸುಮ್ಮನಿರುವ ಕಾರ್ಖಾನೆ ಶಾಂತವಾಗಿ ಕಾಣುತ್ತದೆ. ಒಳಗೆ ಮಾತ್ರ ಮಾಲು ಕೆಡುತ್ತಿರುತ್ತದೆ, ಮನಸ್ಸೂ ಕೆಡುತ್ತಿರುತ್ತದೆ.

ಆದ್ದರಿಂದ ನಿಯತ್ತು ಒಂದೇ ಕೈಯ ಚಪ್ಪಾಳೆಯಲ್ಲ. ಕೆಲಸಗಾರ ಹೇಳಬೇಕು. ಹೇಳಿದವನನ್ನು ಮಾಲೀಕ ಒದೆಯಬಾರದು. ಮಗ್ಗ ನಿಲ್ಲಿಸಿ ಎಳೆ ಜೋಡಿಸಿದ ಹೊತ್ತಿಗೂ ಕೂಲಿಯಲ್ಲಿ ಜಾಗ ಇಟ್ಟರೆ, ಯಾರೂ ಎಳೆ ಬಿಟ್ಟು ಓಡುವುದಿಲ್ಲ. ಇಂಥ ನಿಯಮ ಮಾಡುವುದು ಮಾಲೀಕರ ಕೈಯಲ್ಲಿದೆ.

ತಾನೇ ನಿಲ್ಲುವ ಮಗ್ಗ

ಇದಕ್ಕೆ ದೂರದ ಒಂದು ಕತೆ ಹೇಳಬೇಕು. ಜಪಾನಿನಲ್ಲಿ ಸಾಕಿಚಿ ಟೊಯೊಡ ಅಂತ ಒಬ್ಬರಿದ್ದರು. ಬಡಗಿಯ ಮಗ. ಊರಿನ ಹೆಣ್ಣುಮಕ್ಕಳು, ಮನೆಯವರು ಕೈಮಗ್ಗದಲ್ಲಿ ಪಡುವ ಕಷ್ಟವನ್ನು ಅವರು ನೋಡಿದ್ದರು. ಜೀವನವಿಡೀ ಮಗ್ಗಗಳನ್ನು ಸುಧಾರಿಸುತ್ತಾ ಹೋದರು. 1924ರಲ್ಲಿ ಅವರ ಹೊಸ ಮಗ್ಗ ತಯಾರಾಯಿತು. ಅದರ ವಿಶೇಷ ಏನು ಗೊತ್ತೇ? ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದೇ ಮೇಲು ಎಂಬ ವಿಚಾರ ಅದು.

ಇದೇ ಮನೆತನ ಆಮೇಲೆ ಕಾರು ಮಾಡಲು ಶುರು ಮಾಡಿತು. ಅದೇ ಟೊಯೊಟ ಕಂಪನಿ. ನಮ್ಮ ಬೆಂಗಳೂರಿನ ಹತ್ತಿರ ಬಿಡದಿಯಲ್ಲೂ ಅವರ ಕಾರ್ಖಾನೆ ಇದೆ. ಕಾರಿನ ಕಾರ್ಖಾನೆಗೂ ಅವರು ಮಗ್ಗದ ವಿಚಾರವನ್ನೇ ತಂದರು. ಕೆಲಸದ ಸಾಲಿನ ಮೇಲೆ ಒಂದು ಹಗ್ಗ ಕಟ್ಟಿದರು. ತಪ್ಪು ಕಂಡ ಕೆಲಸಗಾರ ಆ ಹಗ್ಗ ಎಳೆಯಬೇಕು. ಆಗ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಹಗ್ಗ ಎಳೆದದ್ದು ಅಲ್ಲಿ ಕೆಲಸಗಾರನ ತಪ್ಪಲ್ಲ. ತಪ್ಪು ಕಂಡೂ ಎಳೆಯದೆ ಬಿಟ್ಟರೆ ಅದು ತಪ್ಪು.

ನಮ್ಮ ಸಣ್ಣ ಕಾರ್ಖಾನೆಯಲ್ಲಿ ಇಂಥ ಹಗ್ಗ ಇಲ್ಲದಿರಬಹುದು. ಆದರೆ ನಮಗೆ ಬಾಯಿ ಇದೆ. ಈಗ ಅಕ್ಷರವೂ ಬಂದಿದೆ.

ರಜೆಯ ಮಾತು

ಮಾಲೀಕರ ದೊಡ್ಡ ದೂರು ಹಾಜರಿಯದು. "ಹೇಳದೆ ಕೇಳದೆ ಬಿಟ್ಟು ಹೋಗ್ತಾರ" ಅಂತ ಅವರ ಗೋಳು. ಈ ದೂರಿನಲ್ಲಿ ಸತ್ಯ ಇದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಊರಲ್ಲಿ ಮದುವೆ ಬರುತ್ತದೆ. ಹೊಲದಲ್ಲಿ ಬಿಳಿಜೋಳದ ಸುಗ್ಗಿ ಬರುತ್ತದೆ. ಮನುಷ್ಯ ಅಂದ ಮೇಲೆ ಹೋಗಲೇಬೇಕು. ಹೋಗುವುದು ತಪ್ಪಲ್ಲ.

ಆದರೆ ನೀವು ಬರದ ದಿನ ನಿಮ್ಮ ಮಗ್ಗ ಖಾಲಿ ನಿಲ್ಲುತ್ತದೆ. ಇಲ್ಲದಿದ್ದರೆ ಪಕ್ಕದವನು ತನ್ನ ಮಗ್ಗದ ಜೊತೆಗೆ ನಿಮ್ಮದನ್ನೂ ನೋಡಬೇಕಾಗುತ್ತದೆ. ಅವನ ಕಣ್ಣು ಎರಡೂ ಕಡೆ ಹರಿದಾಡುತ್ತದೆ. ಎಳೆ ತಪ್ಪುತ್ತದೆ. ಕೆಲವೊಮ್ಮೆ ಕೈಗೇ ಪೆಟ್ಟಾಗುತ್ತದೆ. ನೀವು ಎರಡು ದಿನ ಮೊದಲು ಹೇಳಿದ್ದರೆ ಬೇರೆ ವ್ಯವಸ್ಥೆ ಆಗುತ್ತಿತ್ತು. ತಟ್ಟನೆ ಜ್ವರ ಬಂದರೆ ಬೆಳಗ್ಗೆಯೇ ಒಂದು ಫೋನು ಸಾಕು.

ಕೆಲವರು ಹೀಗೆ ಅನ್ನಬಹುದು: "ಮೊದಲೇ ಹೇಳಿದ್ರ ರಜಾ ಕೊಡಂಗಿಲ್ರಿ. ಅದಕ್ಕ ಹೇಳದ ಹೋಗ್ತೀವಿ." ಇದೂ ಸತ್ಯ. ಕೇಳಿದ ರಜೆಗೆ ಯಾವಾಗಲೂ ಇಲ್ಲ ಅನ್ನುವ ಮಾಲೀಕ, ಹೇಳದೆ ಹೋಗುವುದನ್ನು ತಾನೇ ಕಲಿಸುತ್ತಾನೆ.

ಆ ಭಾನುವಾರದ ಬೆಂಕಿ

ಎಳೆ ಮುಚ್ಚಿದರೆ ಮಾಲು ಕೆಡುತ್ತದೆ. ಆದರೆ ಕೆಲವನ್ನು ಹೇಳದೆ ಬಿಟ್ಟರೆ ಜೀವವೇ ಹೋಗುತ್ತದೆ.

2025ರ ಮೇ 18, ಭಾನುವಾರ. ಬೆಳಗಿನ ಜಾವ, ಇನ್ನೂ ಕತ್ತಲು. ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆಯ ಆವರಣದಲ್ಲೇ ಮಾಲೀಕರ ಮನೆಯವರೂ ಕೆಲಸಗಾರರೂ ಇದ್ದರು, ಮಲಗಿದ್ದರು. ಬೆಂಕಿ ಆರಿಸಲು ತಾಸುಗಟ್ಟಲೆ ಹಿಡಿಯಿತು. ಎಂಟು ಜನ ಸತ್ತರು. ಮಾಲೀಕರು ಸತ್ತರು. ಅವರ ಮನೆಯವರು ಸತ್ತರು. ಅವರಲ್ಲಿ ಒಂದು ಎಳೆಯ ಕೂಸೂ ಇತ್ತು. ಕೆಲಸಗಾರರೂ ಸತ್ತರು. ಶಾರ್ಟ್ ಸರ್ಕ್ಯೂಟ್ ಕಾರಣ ಇರಬಹುದು ಅಂತ ಆಗ ಹೇಳಲಾಯಿತು.

ಇಲ್ಲಿ ಯಾರ ಮೇಲೂ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ನಾವು ಕಲಿಯಬೇಕಾದ್ದು ಇಷ್ಟು. ಬೆಂಕಿಗೆ ಮಾಲೀಕ ಯಾರು, ಕೆಲಸಗಾರ ಯಾರು ಅಂತ ಗೊತ್ತಾಗುವುದಿಲ್ಲ. ಒಂದೇ ಸೂರಿನ ಕೆಳಗೆ ಇದ್ದವರ ಹಣೆಬರಹ ಒಂದೇ.

ಟವೆಲ್ ಕಾರ್ಖಾನೆಯಲ್ಲಿ ಬೆಂಕಿಗೆ ಮೇವು ಬಹಳ. ನೂಲಿನ ಮೂಟೆ, ಬಟ್ಟೆಯ ರಾಶಿ, ಪ್ಲಾಸ್ಟಿಕ್ ಚೀಲ. ಇದರ ಜೊತೆಗೆ ಹತ್ತಿಯ ಸಣ್ಣ ಧೂಳು. ಈ ಧೂಳು ವೈರಿನ ಮೇಲೆ, ಮೋಟರಿನ ಮೇಲೆ, ಸ್ವಿಚ್ ಪೆಟ್ಟಿಗೆಯ ಒಳಗೆ ಕೂರುತ್ತದೆ. ಒಂದು ಕಿಡಿ ಬಿದ್ದರೆ ಸಾಕು, ಹತ್ತಿಕೊಂಡು ಓಡುತ್ತದೆ. ಬಟ್ಟೆ ಉರಿದರೆ ದಟ್ಟ ಹೊಗೆ. ಇಂಥ ಬೆಂಕಿಯಲ್ಲಿ ಉರಿಗಿಂತ ಮೊದಲು ಹೊಗೆಯೇ ಉಸಿರು ಕಟ್ಟಿಸುತ್ತದೆ.

ಅದಕ್ಕೆ ಈ ಐದು ಸಂಗತಿ ಕಣ್ಣಿಗೆ ಬಿದ್ದ ದಿನವೇ ಹೇಳಿ:

1. ವೈರ್ ಬಿಸಿ ಆಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ.
2. ಸ್ವಿಚ್ಚಿನಲ್ಲಿ ಕಿಡಿ ಕಂಡರೆ, ಫ್ಯೂಜ್ ಪದೇ ಪದೇ ಹೋಗುತ್ತಿದ್ದರೆ.
3. ಹೊರಗೆ ಹೋಗುವ ಬಾಗಿಲಿಗೆ ಮಾಲಿನ ಮೂಟೆ ಅಡ್ಡ ಇಟ್ಟಿದ್ದರೆ.
4. ಒಳಗೆ ಜನ ಇರುವಾಗ ಹೊರಗಿನಿಂದ ಕೀಲಿ ಹಾಕಿದ್ದರೆ.
5. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ತಾರೀಖು ಮುಗಿದಿದ್ದರೆ. ಅದರ ಮೇಲೆ ಚೀಟಿ ಅಂಟಿಸಿರುತ್ತಾರೆ. ನಿಮಗೆ ಈಗ ಅಂಕಿ ಓದಲು ಬರುತ್ತದೆ. ಓದಿ ನೋಡಿ.

ಹೀಗೆ ಹೇಳುವುದು ಉದ್ಧಟತನ ಅಲ್ಲ. ಕಾನೂನೇ ಇದನ್ನು ಹೇಳುತ್ತದೆ. 2025ರ ನವೆಂಬರ್ 21ರಿಂದ ನಮ್ಮ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದು ಕೆಲಸದ ಜಾಗದ ಸುರಕ್ಷತೆಯದು. ಅಪಾಯ ಕಂಡರೆ ಕೂಡಲೇ ತಿಳಿಸುವುದು ಕೆಲಸಗಾರರ ಕರ್ತವ್ಯ ಅಂತ ಅದರಲ್ಲಿದೆ. ಸುರಕ್ಷತೆಯ ಬಗ್ಗೆ ಮಾಲೀಕರನ್ನು ಕೇಳಿ ತಿಳಿಯುವುದು ಕೆಲಸಗಾರರ ಹಕ್ಕು ಅಂತಲೂ ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾಲೀಕರಿಗೂ ಸರಕಾರದ ತಪಾಸಣೆ ಅಧಿಕಾರಿಗೂ ತಿಳಿಸಬಹುದು.

ನಮ್ಮ ಕಡೆಯಿಂದಲೂ ಕೆಲವು ಪಾಲಿಸಬೇಕು. ಮಾಲಿನ ಹತ್ತಿರ ಬೀಡಿ ಹಚ್ಚಬಾರದು. ನಡೆಯುವ ಮಗ್ಗಕ್ಕೆ ಕೈ ಹಾಕಬಾರದು. ಸೆರಗು, ಜಡೆ, ಸಡಿಲ ತೋಳು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕಿವಿಗೆ ಹತ್ತಿ ತುರುಕಿದರೆ ಸಾಲದು. ಸದ್ದು ತಡೆಯುವ ಸರಿಯಾದ ಕಿವಿ ಮುಚ್ಚಿಗೆ ಕೇಳಿ, ಕೊಟ್ಟರೆ ಹಾಕಿಕೊಳ್ಳಿ. ವರ್ಷಗಟ್ಟಲೆ ಮಗ್ಗದ ಸದ್ದು ಕೇಳಿದರೆ ಕಿವಿ ಮಂದವಾಗುತ್ತದೆ. ಹೋದ ಕಿವಿ ತಿರುಗಿ ಬರುವುದಿಲ್ಲ.

ಮಾಲೀಕರೂ ಹೇಳಬೇಕು

ಇಲ್ಲಿಯ ತನಕ ಕೆಲಸಗಾರರು ಹೇಳಬೇಕಾದ್ದನ್ನು ನೋಡಿದೆವು. ಮಾಲೀಕರು ಹೇಳಬೇಕಾದ್ದು ಏನು? ಲೆಕ್ಕ. ಎಷ್ಟು ದಿನ, ಎಷ್ಟು ತಾಸು, ಎಷ್ಟು ಕೂಲಿ, ಎಷ್ಟು ಕಡಿತ, ಯಾಕೆ ಕಡಿತ. ಇದು ಬಾಯಿ ಮಾತಿನಲ್ಲಿ ಅಲ್ಲ, ಕಾಗದದ ಮೇಲೆ.

ಲೆಕ್ಕ ಹೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಕೋಲಾರದ ಹತ್ತಿರ ನರಸಾಪುರದಲ್ಲಿ ವಿಸ್ಟ್ರಾನ್ ಎಂಬ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿ ದುಬಾರಿ ಐಫೋನ್ ತಯಾರಾಗುತ್ತಿದ್ದವು. ದುಡಿದ ತಾಸಿಗೆ ಸರಿಯಾಗಿ ಸಂಬಳ ಬರುತ್ತಿಲ್ಲ ಅಂತ ಕೆಲಸಗಾರರ ದೂರು ಇತ್ತು. 2020ರ ಡಿಸೆಂಬರ್ 12ರಂದು ಸಿಟ್ಟು ಕಟ್ಟೆ ಒಡೆಯಿತು. ಗಾಜು ಒಡೆದವು, ವಾಹನಗಳು ಉರುಳಿದವು. ಆಮೇಲೆ ತನಿಖೆ ಆಯಿತು. ಕೆಲಸದ ತಾಸಿನ ಲೆಕ್ಕ ಇಡುವುದರಲ್ಲಿ ಕಂಪನಿ ಸೋತಿದೆ, ಅದರಿಂದ ಕೆಲವರಿಗೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ತಡವಾಗಿದೆ ಅಂತ ಆ್ಯಪಲ್ ಕಂಪನಿಯೇ ಹೇಳಿತು. ವಿಸ್ಟ್ರಾನ್ ಕೆಲಸಗಾರರ ಕ್ಷಮೆ ಕೇಳಿತು, ತನ್ನ ಒಬ್ಬ ಹಿರಿಯ ಅಧಿಕಾರಿಯನ್ನು ತೆಗೆಯಿತು. ಇತ್ತ ಅನೇಕ ಹುಡುಗರನ್ನು ಪೊಲೀಸರು ಹಿಡಿದರು. ಎರಡೂ ಕಡೆ ನಷ್ಟವಾಯಿತು. ದೂರು ಬಂದ ದಿನವೇ ಲೆಕ್ಕ ತೆರೆದು ತೋರಿಸಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಯೋಚಿಸಿ.

ಈಗ ಕಾನೂನು ಏನು ಹೇಳುತ್ತದೆ ಅಂತ ತಿಳ್ಕೊಳ್ಳಿ.

ಕೆಲಸಕ್ಕೆ ಸೇರಿದವರಿಗೆ ನೇಮಕದ ಪತ್ರ ಕೊಡಬೇಕು. ಸಂಬಳದ ಚೀಟಿ ಕೊಡಬೇಕು. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ ಕೈಗೆ ಬರಬೇಕು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸಿನ ಲೆಕ್ಕ. ಅದಕ್ಕಿಂತ ಹೆಚ್ಚು ದುಡಿದ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ.

ಒಂದು ಲೆಕ್ಕ ಮಾಡೋಣ. 8 ತಾಸಿಗೆ 480 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ಒಂದು ತಾಸಿಗೆ ಎಷ್ಟು? 60 ರೂಪಾಯಿ. ಓವರ್‌ಟೈಮಿನ ಒಂದು ತಾಸಿಗೆ ಎಷ್ಟು? 120 ರೂಪಾಯಿ. ತಿಂಗಳಿಗೆ 25 ದಿನ ದುಡಿದರೆ 12,000 ರೂಪಾಯಿ.

ದಂಡಕ್ಕೂ ಮಿತಿ ಇದೆ. ಮನಸ್ಸಿಗೆ ಬಂದಷ್ಟು ದಂಡ ಹಾಕುವ ಹಾಗಿಲ್ಲ. ಯಾವ ತಪ್ಪಿಗೆ ದಂಡ ಅನ್ನುವುದನ್ನು ಮೊದಲೇ ತಿಳಿಸಿರಬೇಕು. ದಂಡ ಹಾಕುವ ಮೊದಲು ನಿಮ್ಮ ಮಾತು ಕೇಳಬೇಕು. ಒಂದು ತಿಂಗಳ ದಂಡ ಆ ತಿಂಗಳ ಸಂಬಳದ ನೂರಕ್ಕೆ 3 ರೂಪಾಯಿ ಮೀರಬಾರದು. 12,000 ರೂಪಾಯಿಗೆ ಅದು 360 ರೂಪಾಯಿ. ನಿಮ್ಮ ಅಲಕ್ಷ್ಯದಿಂದ ಮಾಲು ಹಾಳಾಗಿ ಹಣ ಕಡಿದರೂ ಅಷ್ಟೇ. ಆದ ನಷ್ಟಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಕೇಳದೆ ಕಡಿಯುವಂತಿಲ್ಲ.

ಪಿ.ಎಫ್. ಮತ್ತು ಇ.ಎಸ್.ಐ. ಎಂಬ ಎರಡು ಕಡಿತ ಚೀಟಿಯಲ್ಲಿ ಇರಬಹುದು. ಇವು ದಂಡ ಅಲ್ಲ, ನಿಮ್ಮ ಗಂಟು. 20 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಗೆ ಪಿ.ಎಫ್. ಇದೆ. ಸಾಮಾನ್ಯವಾಗಿ ನಿಮ್ಮ ಸಂಬಳದ ನೂರಕ್ಕೆ 12 ರೂಪಾಯಿ ಅದಕ್ಕೆ ಹೋಗುತ್ತದೆ. ಮಾಲೀಕರೂ ಅಷ್ಟೇ ಸೇರಿಸಬೇಕು. ಇ.ಎಸ್.ಐ. ಆಸ್ಪತ್ರೆಯ ಖರ್ಚಿಗೆ, ಕಾಯಿಲೆಯ ರಜೆಗೆ, ಬಾಣಂತನಕ್ಕೆ, ಕೆಲಸದಲ್ಲಿ ಗಾಯವಾದಾಗ ಉಪಯೋಗಕ್ಕೆ ಬರುತ್ತದೆ. 10 ಅಥವಾ ಹೆಚ್ಚು ಜನ ಇರುವ ಕಡೆ, 21,000 ರೂಪಾಯಿ ತನಕ ಸಂಬಳ ಇರುವವರಿಗೆ ಅದು ಸಿಗುತ್ತದೆ. ನೂರು ರೂಪಾಯಿಗೆ ನಿಮ್ಮದು 75 ಪೈಸೆ, ಮಾಲೀಕರದು 3 ರೂಪಾಯಿ 25 ಪೈಸೆ. 12,000 ರೂಪಾಯಿ ಸಂಬಳಕ್ಕೆ ನಿಮ್ಮಿಂದ 90 ರೂಪಾಯಿ ಮಾತ್ರ.

ಕೆಲವು ಕೆಲಸಗಾರರು "ಪಿ.ಎಫ್. ಬ್ಯಾಡ್ರಿ, ಪೂರಾ ರೊಕ್ಕ ಕೈಗೇ ಕೊಡ್ರಿ" ಅನ್ನುತ್ತಾರೆ. ಇದರಿಂದ ಮಾಲೀಕರ ಪಾಲೂ ನಿಮಗೆ ತಪ್ಪುತ್ತದೆ. ಮುದಿತನದ ಆಸರೆಯೂ ತಪ್ಪುತ್ತದೆ. ಪಿ.ಎಫ್. ಇದ್ದರೆ ನಿಮಗೆ 12 ಅಂಕಿಯ ಒಂದು ನಂಬರು ಬರುತ್ತದೆ. ಅದನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಕಾರ್ಖಾನೆ ಬದಲಾದರೂ ಆ ನಂಬರು ಬದಲಾಗುವುದಿಲ್ಲ.

ಲಕ್ಕಮ್ಮನ ಅಳತೆ

ದುಡಿಮೆಗೆ ದೊಡ್ಡ ಬೆಲೆ ಕೊಟ್ಟ ನೆಲ ನಮ್ಮದು. ಹನ್ನೆರಡನೇ ಶತಮಾನದ ಶರಣರು ದುಡಿಮೆಯನ್ನು ಕಾಯಕ ಅಂದರು. ಸೊಲ್ಲಾಪುರ ಆಗ ಸೊನ್ನಲಿಗೆ. ಇಲ್ಲಿ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಆ ಕೆರೆ ಇವತ್ತೂ ಊರ ನಡುವೆ ಇದೆ.

ಅದೇ ಕಾಲದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆ ನೀವು ಕೇಳಿರಬಹುದು. ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ಅಗತ್ಯಕ್ಕಿಂತ ಹೆಚ್ಚು, ತಿರುಗಿ ಅಲ್ಲೇ ಸುರಿದು ಬಾ ಎಂದಳು.

ಈ ಕತೆ ಬಡವರು ಕಡಿಮೆಯಲ್ಲೇ ಬದುಕಲಿ ಅಂತ ಹೇಳುವುದಿಲ್ಲ. ಗಂಡ ತಂದದ್ದನ್ನು ಹೆಂಡತಿ ಅಳತೆ ಮಾಡಿ ನೋಡಿದಳು, ತಪ್ಪು ಕಂಡಾಗ ಎದುರಿಗೇ ಹೇಳಿದಳು. ಅವನು ಕೇಳಿದ. ಕಾಯಕದಲ್ಲಿ ಅಳತೆ ಇದೆ, ಹೇಳುವ ಧೈರ್ಯ ಇದೆ, ಕೇಳುವ ಕಿವಿಯೂ ಇದೆ. ಯಾರಾದರೂ "ಕಾಯಕ" ಎಂಬ ಮಾತು ಹೇಳಿ ಕೂಲಿ ಇಲ್ಲದ ನಾಲ್ಕು ತಾಸು ದುಡಿಸಿಕೊಂಡರೆ, ಅವರಿಗೆ ಲಕ್ಕಮ್ಮನ ಅಳತೆ ನೆನಪಿಸಿ. ಹೆಚ್ಚು ತಂದದ್ದು ಹೇಗೆ ತಪ್ಪೋ, ಕಡಿಮೆ ಕೊಟ್ಟದ್ದೂ ಹಾಗೇ ತಪ್ಪು.

ಅಕ್ಷರವನ್ನು ಕೆಲಸಕ್ಕೆ ಹಚ್ಚಿ

ನೀವು ಅಕ್ಷರ ಕಲಿತಿದ್ದೀರಿ. ಬಾಯಿಮಾತು ಮಗ್ಗದ ಸದ್ದಿನಲ್ಲಿ ಮುಳುಗುತ್ತದೆ. "ನೀ ಹೇಳೇ ಇಲ್ಲ" ಅಂತ ನಾಳೆ ಯಾರಾದರೂ ಅನ್ನಬಹುದು. ಚೀಟಿ ಹಾಗಲ್ಲ, ಅದು ಉಳಿಯುತ್ತದೆ. ಹೀಗೆ ಬರೆಯಿರಿ:

"ತಾರೀಖು ............ ಮಗ್ಗ ನಂಬರು 7. ಮೋಟರಿನ ವೈರು ಬಿಸಿ ಆಗುತ್ತಿದೆ. ಸುಟ್ಟ ವಾಸನೆ ಬರುತ್ತಿದೆ. ದಯವಿಟ್ಟು ಇಂದೇ ನೋಡಿಸಿ. ಸಹಿ ............"

ಇಷ್ಟು ಸಾಕು. ಬೈಗುಳ ಬೇಡ, ಉದ್ದ ಕತೆ ಬೇಡ. ಯಾವ ದಿನ, ಯಾವ ಜಾಗ, ಏನು ಕಂಡಿತು, ಏನು ಆಗಬೇಕು. ಒಂದು ಪ್ರತಿ ಕೊಡಿ, ಒಂದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮಾಲೀಕರಿಗೆ ಕನ್ನಡ ಓದಲು ಬರದಿದ್ದರೆ ಮರಾಠಿ ಬಲ್ಲ ಗೆಳೆಯರಿಂದ ಬರೆಸಿ. ಒಬ್ಬರೇ ಹೇಳಲು ಅಂಜಿಕೆ ಆದರೆ ನಾಲ್ಕು ಜನ ಕೂಡಿ ಸಹಿ ಮಾಡಿ.

ಮನೆಯಲ್ಲಿ ಒಂದು ಸಣ್ಣ ನೋಟುಬುಕ್ಕು ಇಡಿ. ದಿನಾ ಮೂರು ಸಂಗತಿ ಬರೆಯಿರಿ. ಹೋದ ಸಮಯ, ಬಂದ ಸಮಯ, ಮಾಡಿದ ಮಾಲು. ಮುಂಗಡ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ. ತಿಂಗಳ ಕೊನೆಗೆ ನಿಮ್ಮ ಪುಸ್ತಕ ಮತ್ತು ಮಾಲೀಕರ ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಸರಿ ಇದ್ದರೆ ಇಬ್ಬರಿಗೂ ನೆಮ್ಮದಿ. ವ್ಯತ್ಯಾಸ ಇದ್ದರೆ ಜಗಳ ಬೇಡ. ಪುಸ್ತಕ ತೋರಿಸಿ ಕೇಳಿ. ಆಗಲೂ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ನಿಮ್ಮ ಸಂಘ ಇದ್ದರೆ ಸಂಘದವರನ್ನು ಜೊತೆಗೆ ಕರೆದುಕೊಳ್ಳಿ.

ಓದಿ, ಯೋಚಿಸಿ, ಮಾಡಿ

1. ನಿಮ್ಮ ಕೆಲಸದಲ್ಲಿ "ಹರಿದ ಎಳೆ" ಯಾವುದು? ಹೊಲಿಗೆಯೇ, ತೂಕವೇ, ಬಣ್ಣವೇ? ಮೂರು ವಾಕ್ಯ ಬರೆಯಿರಿ.
2. ಈ ತಿಂಗಳ ಸಂಬಳದ ಚೀಟಿ ತೆಗೆಯಿರಿ. ಒಟ್ಟು ಎಷ್ಟು, ಕಡಿತ ಎಷ್ಟು, ಕೈಗೆ ಬಂದದ್ದು ಎಷ್ಟು? ಕೂಡಿಸಿ ಕಳೆದು ನೋಡಿ. ಚೀಟಿ ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ.
3. ನಿಮ್ಮ ಕಾರ್ಖಾನೆಯಲ್ಲಿ ಹೊರಗೆ ಹೋಗಲು ಎಷ್ಟು ಬಾಗಿಲು ಇವೆ? ನಾಳೆ ಎಣಿಸಿ. ಯಾವುದಕ್ಕಾದರೂ ಮೂಟೆ ಅಡ್ಡ ಇದೆಯೇ? ಇದ್ದರೆ ನಾಳೆಯೇ ಒಂದು ಚೀಟಿ ಬರೆದು ಕೊಡಿ.